ವಕ್ರಮಾರ್ಗದ ಬಲವು

ನರಸಾಪುರಕ್ಕೆ ಮೂಡಲಿರುವ ಕೋಲಾರಕ್ಕೆ ಬೌರಿಂಗ್‌ಪೇಟೆಯಿಂದ ಹೊಗೆಬಂಡಿಯು ಬಂದದ್ದು 1913ರಲ್ಲಿ. ಕಂಬಿಗಳ ನಡುವಣ ಅಂತರವು ಎರಡೂವರೆ ಅಡಿ ಮಾತ್ರ; ಇಂತಹ ಕಿರುದಾರಿಯು ವೆಚ್ಚಕ್ಕೆ ಹಗುರ, ಬಿಗಿಯಾದ ತಿರುವಿಗೂ ಒಗ್ಗುವುದು. ತಿರುವಿನಲ್ಲಿ ನೇರ ಹೋಗಬಯಸುವ ಬಂಡಿಯನ್ನು ಹೊರಗಂಬಿಯು ಒಳಕ್ಕೊತ್ತಿ ತಿರುಗಿಸುವುದು. ಆ ಕಂಬಿಯನ್ನು ತುಸು ಎತ್ತರಿಸಿದರೆ ಬಂಡಿಯ ಭಾರವೇ ಅದಕ್ಕೆ ನೆರವಾಗುವುದು. ಪ್ರಯಾಣಿಕನು ಪಕ್ಕದವನ ಮೇಲೆ ವಾಲಿ ನಗುವನು, ಅಷ್ಟೇ.

ವಿಮಾನವೂ ಹೀಗೆಯೇ ಓರೆಯಾಗಿ ತಿರುಗುವುದು. ಆದರೆ ಅಲ್ಲಿ ನಗೆಗೆಡೆಯಿಲ್ಲ. ಯುದ್ಧವಿಮಾನದ ಬಿರುಸಾದ ತಿರುವಿನಲ್ಲಿ ಚಾಲಕನ ದೇಹವು ತನ್ನ ತೂಕದ ಹಲವು ಮಡಿ ತೂಗುವುದು. ರಕ್ತವು ಕಾಲಿಗಿಳಿದು, ಕಣ್ಣು ಮಸುಳಿ, ಪ್ರಜ್ಞೆ ತಪ್ಪುವುದುಂಟು. ಇದಕ್ಕೆ ಪ್ರತೀಕಾರವನ್ನು ಕಲಿಸುವುದು ಬೆಂಗಳೂರಿನಲ್ಲಿ 1957ರಲ್ಲಿ ವಾಯುಸೇನೆಯು ಸ್ಥಾಪಿಸಿದ ವಿಮಾನವೈದ್ಯಸಂಸ್ಥೆ. ನೀಳವಾದ ತೋಳಿನ ಯಂತ್ರದ ತುದಿಯಲ್ಲಿ ಚಾಲಕನನ್ನು ಕೂರಿಸಿ ಅಲ್ಲಿ ಗಿರಗಿರನೆ ತಿರುಗಿಸುವರು. ತೊಡೆ, ಹೊಟ್ಟೆಗಳನ್ನು ಬಿಗಿಹಿಡಿದು, ಉಸಿರನ್ನು ಅಳತೆಯಿಂದ ಬಿಡುತ್ತ, ರಕ್ತವನ್ನು ತಲೆಯಿಂದಿಳಿಯಗೊಡದಿರುವುದೇ ಅವನ ಪಾಠ.