ಸಾಮಾಜಿಕ ಜಾಲತಾಣಗಳಲ್ಲಿ ಖಾಸಗಿತನ ಮತ್ತು ಆಯ್ಕೆಗಳು

ಸಾಮಾಜಿಕ ಜಾಲತಾಣಗಳಲ್ಲಿ ಖಾಸಗಿತನ ಎಂಬುದು ಫೇಸ್‌ಬುಕ್, ವಾಟ್ಸ್ಯಾಪ್, ಇನ್‌ಸ್ಟಾಗ್ರಾಂ ಮುಂತಾದ ವೇದಿಕೆಗಳನ್ನು ಬಳಸುವ ವ್ಯಕ್ತಿಯು ತನ್ನ ಬಗೆಗಿನ ಮಾಹಿತಿ ಯಾರಿಗೆ, ಎಷ್ಟು, ಯಾವ ಉದ್ದೇಶಕ್ಕಾಗಿ ತಲುಪಬೇಕು ಎಂಬುದನ್ನು ತಾನೇ ನಿರ್ಧರಿಸುವ ಅಧಿಕಾರಕ್ಕೆ ಸಂಬಂಧಿಸಿದ ವಿಷಯ. ಈ ಅಧಿಕಾರವನ್ನು ಚಲಾಯಿಸಲು ವೇದಿಕೆಗಳು ಒದಗಿಸುವ ಸಾಧನಗಳಿಗೆ ಆಯ್ಕೆಗಳು ಅಥವಾ ಸೆಟ್ಟಿಂಗ್‌ಗಳು ಎಂದು ಹೆಸರು. ಸಾಮಾಜಿಕ ಜಾಲತಾಣಗಳಿಗಿಂತ ಮೊದಲು ಬಳಕೆಯಲ್ಲಿದ್ದ ಯೂಸ್‌ನೆಟ್, ಇ-ಮೇಲ್ ಪಟ್ಟಿ, ಯಾಹೂ ಗುಂಪುಗಳಂತಹ ಅಂತರಜಾಲ ಚರ್ಚಾಗುಂಪುಗಳಲ್ಲಿ ಖಾಸಗಿತನದ ಸ್ವರೂಪ ಬೇರೆಯಾಗಿತ್ತು. ಅಲ್ಲಿ ಬರೆದ ಮಾತು ಬಹುತೇಕ ಬಹಿರಂಗವಾಗಿದ್ದರೂ ಓದುವವನ ನಡವಳಿಕೆಯನ್ನು ಗುಂಪು ಗಮನಿಸುತ್ತಿರಲಿಲ್ಲ. ಇಂದಿನ ಜಾಲತಾಣಗಳಲ್ಲಿ ಮಾತನ್ನು ಮರೆಮಾಡುವ ಆಯ್ಕೆಗಳು ಹೆಚ್ಚಿವೆ. ಆದರೆ ಬಳಕೆದಾರನ ನಡವಳಿಕೆ ವೇದಿಕೆಯ ಕಣ್ಣಿನಿಂದ ತಪ್ಪಿಸಿಕೊಳ್ಳುವುದು ಕಡಿಮೆ.

ಪರಿಕಲ್ಪನೆ

ಖಾಸಗಿತನವೆಂದರೆ ಕೇವಲ ಗುಟ್ಟು ಕಾಪಾಡುವುದಲ್ಲ. ವೈದ್ಯರ ಮುಂದೆ ಹೇಳಿಕೊಂಡ ಕಾಯಿಲೆಯ ಸಂಗತಿ ಗುಟ್ಟೇನೂ ಅಲ್ಲ. ಆದರೆ ಅದೇ ಸಂಗತಿ ಸಂತೆಯಲ್ಲಿ ಚರ್ಚೆಯಾದರೆ ರೋಗಿಗೆ ಅನ್ಯಾಯವಾಗುತ್ತದೆ. ಮಾಹಿತಿಯು ತಾನು ಹುಟ್ಟಿದ ಸಂದರ್ಭದ ನಿಯಮಗಳಿಗೆ ಅನುಗುಣವಾಗಿ ಹರಿಯಬೇಕೆಂಬ ಈ ವಿಚಾರವನ್ನು ಅಮೆರಿಕದ ವಿದ್ವಾಂಸೆ ಹೆಲೆನ್ ನಿಸೆನ್‌ಬಾಮ್ ೨೦೦೪ರಲ್ಲಿ ಸಿದ್ಧಾಂತವಾಗಿ ಮಂಡಿಸಿದರು. ಇದನ್ನು ಕನ್ನಡದಲ್ಲಿ ‘ಸಂದರ್ಭದ ಸಮಗ್ರತೆ’ ಎನ್ನಬಹುದು. ಬಂಧುಗಳು, ಸಹೋದ್ಯೋಗಿಗಳು, ಅಪರಿಚಿತರು ಎಲ್ಲರೂ ಒಂದೇ ಬರಹವನ್ನು ಒಟ್ಟಿಗೆ ಓದುವಂತಾದಾಗ ಸಂದರ್ಭಗಳ ನಡುವಿನ ಗೋಡೆ ಬೀಳುತ್ತದೆ. ಸಂಶೋಧಕರು ಇದನ್ನು ‘ಸಂದರ್ಭಗಳ ಕುಸಿತ’ ಎಂದು ಕರೆಯುತ್ತಾರೆ.

ಆಯ್ಕೆ ಎಂಬ ಪದಕ್ಕೂ ಇಲ್ಲಿ ಎರಡು ಅರ್ಥಗಳಿವೆ. ಬಳಕೆದಾರನು ತಾನೇ ಗುರುತು ಹಾಕಿ ತಿಳಿಸುವ ಆಯ್ಕೆ ಒಂದು. ಅವನು ಏನನ್ನು ನೋಡಿದ, ಎಷ್ಟು ಹೊತ್ತು ನೋಡಿದ, ಯಾವುದನ್ನು ಮೆಚ್ಚಿದ ಎಂಬುದರಿಂದ ವೇದಿಕೆಯು ಊಹಿಸಿಕೊಳ್ಳುವ ಅಭಿರುಚಿ ಇನ್ನೊಂದು. ಹಳೆಯ ಗುಂಪುಗಳಲ್ಲಿ ಮೊದಲನೆಯದು ಮಾತ್ರ ಇತ್ತು.

ಹಳೆಯ ಚರ್ಚಾಗುಂಪುಗಳು

೧೯೭೮ರಲ್ಲಿ ಅಮೆರಿಕದ ಶಿಕಾಗೊ ನಗರದಲ್ಲಿ ವಾರ್ಡ್ ಕ್ರಿಸ್ಟೆನ್‌ಸನ್ ಮತ್ತು ರ‍್ಯಾಂಡಿ ಸ್ಯೂಸ್ ದೂರವಾಣಿ ತಂತಿಯ ಮೂಲಕ ಸಂಪರ್ಕಿಸಬಹುದಾದ ಗಣಕೀಕೃತ ಸೂಚನಾ ಫಲಕವನ್ನು ಆರಂಭಿಸಿದರು. ೧೯೭೯ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ರೂಪಿಸಿದ ಯೂಸ್‌ನೆಟ್ ಮರುವರ್ಷ ಕಾರ್ಯಾರಂಭ ಮಾಡಿತು. ವಿಷಯವಾರು ವಿಂಗಡಿಸಿದ ಸುದ್ದಿಗುಂಪುಗಳಲ್ಲಿ ಬರೆದ ಸಂದೇಶವು ಒಂದು ಗಣಕದಿಂದ ಇನ್ನೊಂದಕ್ಕೆ ನಕಲಾಗುತ್ತ ಜಗತ್ತಿನ ನಾನಾ ವಿಶ್ವವಿದ್ಯಾಲಯಗಳಿಗೆ ತಲುಪುತ್ತಿತ್ತು.

ಈ ವ್ಯವಸ್ಥೆಗೆ ಒಬ್ಬ ಒಡೆಯನಿರಲಿಲ್ಲ. ಸಂದೇಶದ ಜೊತೆಗೆ ಬರೆದವರ ಹೆಸರು ಮತ್ತು ಇ-ಮೇಲ್ ವಿಳಾಸ ಸಾಮಾನ್ಯವಾಗಿ ಕಾಣುತ್ತಿದ್ದವು. ಹೀಗಾಗಿ ಬರೆಯುವವರಿಗೆ ಹೆಚ್ಚಿನ ಮರೆಯಿರಲಿಲ್ಲ. ಆದರೆ ಸುಮ್ಮನೆ ಓದಿ ಹೋಗುವವರು ಗುಂಪಿನವರಿಗೆ ಕಾಣುತ್ತಿರಲಿಲ್ಲ. ಆಯ್ಕೆಗಳೂ ಓದುಗನ ಕೈಯಲ್ಲೇ ಇದ್ದವು. ಯಾವ ಗುಂಪಿಗೆ ಚಂದಾದಾರನಾಗಬೇಕು, ಯಾವ ಲೇಖಕನ ಬರಹ ಬೇಡ ಎಂಬುದನ್ನು ಅವನು ತನ್ನ ಓದುತಂತ್ರಾಂಶದಲ್ಲಿ ನಮೂದಿಸುತ್ತಿದ್ದ. ಬೇಡವಾದವರ ಪಟ್ಟಿಗೆ ‘ಕಿಲ್‌ಫೈಲ್’ ಎಂಬ ಹೆಸರಿತ್ತು. ಇ-ಮೇಲ್ ಪಟ್ಟಿಗಳಲ್ಲಿ ಪ್ರತಿಯೊಂದು ಸಂದೇಶವನ್ನೂ ಬಿಡಿಯಾಗಿ ಪಡೆಯುವ, ದಿನದ ಸಂದೇಶಗಳನ್ನೆಲ್ಲ ಒಂದೇ ಕಂತೆಯಾಗಿ ಪಡೆಯುವ ಅಥವಾ ಕೆಲಕಾಲ ಏನನ್ನೂ ಪಡೆಯದಿರುವ ಅವಕಾಶಗಳಿದ್ದವು. ಹೆಸರು ಮರೆಸಿ ಬರೆಯಬಯಸುವವರಿಗಾಗಿ ಫಿನ್ಲೆಂಡಿನ ಯೋಹಾನ್ ಹೆಲ್ಸಿಂಗಿಯಸ್ ೧೯೯೩ರಿಂದ ೧೯೯೬ರವರೆಗೆ ಅಂಚೆ ಮರುರವಾನೆಯ ಸೇವೆಯೊಂದನ್ನು ನಡೆಸಿದರು.

ಕನ್ನಡಿಗರ ಗುಂಪುಗಳು

ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ದೊರೆತದ್ದು ೧೯೯೫ರ ಆಗಸ್ಟ್ ೧೫ರಂದು, ವಿದೇಶ ಸಂಚಾರ ನಿಗಮದ ಮೂಲಕ. ಆ ಕಾಲದ ಯೂಸ್‌ನೆಟ್‌ನಲ್ಲಿ ಕರ್ನಾಟಕದ ಸಂಸ್ಕೃತಿಗೆಂದೇ ಮೀಸಲಾದ ‘ಸಾಕ್.ಕಲ್ಚರ್.ಇಂಡಿಯನ್.ಕರ್ನಾಟಕ’ ಎಂಬ ಸುದ್ದಿಗುಂಪು ಇತ್ತು. ಕನ್ನಡ ಲಿಪಿಯ ಬಳಕೆ ಗಣಕಗಳಲ್ಲಿ ಇನ್ನೂ ಸುಲಭವಾಗಿರದಿದ್ದ ಕಾರಣ ಇಂತಹ ಗುಂಪುಗಳಲ್ಲಿ ಕನ್ನಡವನ್ನು ರೋಮನ್ ಅಕ್ಷರಗಳಲ್ಲಿ ಬರೆಯುವುದು ವಾಡಿಕೆಯಾಗಿತ್ತು. ಮುಂದೆ ಯಾಹೂ ಗುಂಪುಗಳು ಜನಪ್ರಿಯವಾದವು. ೨೦೦೩ರಲ್ಲಿ ಕನ್ನಡ ವಿಕಿಪೀಡಿಯ, ೨೦೦೫ರಲ್ಲಿ ‘ಸಂಪದ’ ಸಮುದಾಯ ತಾಣ ಆರಂಭಗೊಂಡು ಕನ್ನಡ ಲಿಪಿಯಲ್ಲೇ ಚರ್ಚಿಸುವ ನೆಲೆಗಳು ದೊರೆತವು.

ಸಂಗ್ರಹ ಮತ್ತು ಮರೆವು

ಹಳೆಯ ಗುಂಪುಗಳಲ್ಲಿ ಬರೆದವರು ತಮ್ಮ ಮಾತು ಕೆಲವು ವಾರಗಳಲ್ಲಿ ಅಳಿದುಹೋಗುತ್ತದೆ ಎಂದು ಭಾವಿಸುವುದು ಸಹಜವಾಗಿತ್ತು. ಏಕೆಂದರೆ ಜಾಗದ ಕೊರತೆಯಿಂದ ಗಣಕಗಳು ಹಳೆಯ ಸಂದೇಶಗಳನ್ನು ತೆಗೆದುಹಾಕುತ್ತಿದ್ದವು. ೧೯೯೫ರಲ್ಲಿ ಡೆಜಾ ನ್ಯೂಸ್ ಎಂಬ ಸಂಸ್ಥೆ ಅವುಗಳನ್ನು ಸಂಗ್ರಹಿಸಿ ಹುಡುಕಲು ಅನುಕೂಲ ಮಾಡಿಕೊಟ್ಟಾಗ ಸ್ಥಿತಿ ಬದಲಾಯಿತು. ಸಂಗ್ರಹ ಬೇಡವೆನ್ನುವವರು ಸಂದೇಶದ ತಲೆಬರಹದಲ್ಲಿ ಅದನ್ನು ಸೂಚಿಸುವ ಪದ್ಧತಿ ಹುಟ್ಟಿತು. ೨೦೦೧ರಲ್ಲಿ ಗೂಗಲ್ ಸಂಸ್ಥೆಯು ಈ ಸಂಗ್ರಹವನ್ನು ಕೊಂಡು, ಅದೇ ವರ್ಷದ ಡಿಸೆಂಬರ್‌ನಲ್ಲಿ ೭೦ ಕೋಟಿಗೂ ಮಿಕ್ಕಿದ ಸಂದೇಶಗಳನ್ನು ಹುಡುಕಾಟಕ್ಕೆ ತೆರೆದಿಟ್ಟಿತು. ಕೆಲವೇ ಸಹಪಾಠಿಗಳಿಗಾಗಿ ಬರೆದದ್ದು ಎರಡು ದಶಕಗಳ ನಂತರ ಯಾರ ಕಣ್ಣಿಗಾದರೂ ಬೀಳಬಹುದಾಯಿತು. ಇದಕ್ಕೆ ವಿರುದ್ಧವಾಗಿ ಯಾಹೂ ಸಂಸ್ಥೆಯು ತನ್ನ ಗುಂಪುಗಳ ಸಂಗ್ರಹವನ್ನು ೨೦೧೯ರ ಕೊನೆಯಲ್ಲಿ ತೆಗೆದುಹಾಕಲು ತೊಡಗಿ, ೨೦೨೦ರ ಡಿಸೆಂಬರ್ ೧೫ರಂದು ಸೇವೆಯನ್ನೇ ನಿಲ್ಲಿಸಿತು. ಉಳಿಸುವ ನಿರ್ಧಾರವಾಗಲಿ ಅಳಿಸುವ ನಿರ್ಧಾರವಾಗಲಿ ಬರೆದವರದಾಗಿರಲಿಲ್ಲ.

ಸಾಮಾಜಿಕ ಜಾಲತಾಣಗಳ ಕಾಲ

೨೦೦೪ರಲ್ಲಿ ಆರಂಭಗೊಂಡ ಆರ್ಕುಟ್ ಭಾರತದಲ್ಲಿ ಬಹು ಜನಪ್ರಿಯವಾಗಿ ೨೦೧೪ರ ಸೆಪ್ಟೆಂಬರ್ ೩೦ರಂದು ಮುಚ್ಚಿತು. ಅದರಲ್ಲಿ ವಿಷಯಾಧಾರಿತ ಸಮುದಾಯಗಳೂ ವ್ಯಕ್ತಿಯ ಪುಟಗಳೂ ಜೊತೆಯಲ್ಲೇ ಇದ್ದುದರಿಂದ ಅದನ್ನು ಎರಡು ಯುಗಗಳ ನಡುವಿನ ಕೊಂಡಿ ಎನ್ನಬಹುದು. ಫೇಸ್‌ಬುಕ್ ೨೦೦೬ರ ಸೆಪ್ಟೆಂಬರ್‌ನಲ್ಲಿ ಎಲ್ಲರಿಗೂ ಮುಕ್ತವಾಯಿತು. ಅದೇ ತಿಂಗಳು ಗೆಳೆಯರ ಚಟುವಟಿಕೆಗಳನ್ನು ತಾನಾಗಿಯೇ ತೋರಿಸುವ ‘ನ್ಯೂಸ್ ಫೀಡ್’ ಜಾರಿಗೆ ಬಂದಾಗ ಬಳಕೆದಾರರಿಂದ ಪ್ರತಿಭಟನೆ ವ್ಯಕ್ತವಾಯಿತು. ಅಲ್ಲಿ ಹೊಸ ಮಾಹಿತಿಯೇನೂ ಬಹಿರಂಗವಾಗಿರಲಿಲ್ಲ. ಹುಡುಕಿದರಷ್ಟೇ ಸಿಗುತ್ತಿದ್ದುದು ಹುಡುಕದೆಯೇ ಎದುರಿಗೆ ಬಂದು ನಿಲ್ಲತೊಡಗಿತ್ತು.

೨೦೦೯ರ ಡಿಸೆಂಬರ್‌ನಲ್ಲಿ ಫೇಸ್‌ಬುಕ್ ತನ್ನ ಖಾಸಗಿತನದ ಆಯ್ಕೆಗಳನ್ನು ಬದಲಿಸಿ ಗೆಳೆಯರ ಪಟ್ಟಿಯಂತಹ ವಿವರಗಳನ್ನು ಬಹಿರಂಗ ಮಾಹಿತಿಯೆಂದು ಪರಿಗಣಿಸಿತು. ಈ ಬದಲಾವಣೆಯೂ ಒಳಗೊಂಡ ದೂರುಗಳ ಸಂಬಂಧ ಅಮೆರಿಕದ ಫೆಡರಲ್ ವ್ಯಾಪಾರ ಆಯೋಗದೊಂದಿಗೆ ೨೦೧೧ರಲ್ಲಿ ರಾಜಿಯಾಯಿತು. ಆ ಆದೇಶವನ್ನು ಉಲ್ಲಂಘಿಸಿದ ಆರೋಪದ ಮೇಲೆ ೨೦೧೯ರಲ್ಲಿ ೫೦೦ ಕೋಟಿ ಡಾಲರ್ ದಂಡ ನಿಗದಿಯಾಯಿತು. ಬಳಕೆದಾರರಲ್ಲಿ ಬಹಳಷ್ಟು ಮಂದಿ ಆಯ್ಕೆಗಳ ಪುಟವನ್ನು ತೆರೆಯುವುದೇ ಇಲ್ಲವಾದ್ದರಿಂದ ಕಂಪನಿಯು ಮೊದಲೇ ಗುರುತು ಹಾಕಿಟ್ಟ ಆಯ್ಕೆಯೇ ಅವರ ಆಯ್ಕೆಯಾಗಿ ಉಳಿಯುತ್ತದೆ.

ಮುಖ್ಯ ವ್ಯತ್ಯಾಸಗಳು

* ಗುರುತು: ಹಳೆಯ ಗುಂಪುಗಳಲ್ಲಿ ಇ-ಮೇಲ್ ವಿಳಾಸ ಅಥವಾ ಅಡ್ಡಹೆಸರು ಸಾಕಾಗುತ್ತಿತ್ತು. ಫೇಸ್‌ಬುಕ್ ನಿಜ ಜೀವನದ ಹೆಸರನ್ನು, ವಾಟ್ಸ್ಯಾಪ್ ಮೊಬೈಲ್ ಸಂಖ್ಯೆಯನ್ನು ಆಧರಿಸಿವೆ.
* ಕೇಂದ್ರ: ಹಿಂದೆ ವಿಷಯಕ್ಕಾಗಿ ಜನ ಸೇರುತ್ತಿದ್ದರು. ಈಗ ವ್ಯಕ್ತಿಯೇ ಕೇಂದ್ರ. ವಿಷಯಗಳು ಅವನ ಸುತ್ತ ಬರುತ್ತವೆ.
* ಸೇರ್ಪಡೆ: ಹಿಂದೆ ಸದಸ್ಯನು ಸಾಮಾನ್ಯವಾಗಿ ತಾನೇ ಚಂದಾದಾರನಾಗುತ್ತಿದ್ದ. ವಾಟ್ಸ್ಯಾಪ್ ಗುಂಪಿಗೆ ಇನ್ನೊಬ್ಬರು ನೇರವಾಗಿ ಸೇರಿಸಬಹುದು.
* ಕ್ರಮ: ಹಿಂದೆ ಸಂದೇಶಗಳು ಕಾಲಾನುಕ್ರಮದಲ್ಲಿ ಅಥವಾ ವಿಷಯಾನುಕ್ರಮದಲ್ಲಿ ಬರುತ್ತಿದ್ದವು. ಈಗ ಯಾವುದನ್ನು ಮೊದಲು ತೋರಿಸಬೇಕೆಂಬುದನ್ನು ಬಹುಮಟ್ಟಿಗೆ ವೇದಿಕೆಯ ಲೆಕ್ಕಾಚಾರ ನಿರ್ಧರಿಸುತ್ತದೆ.
* ಆದಾಯ: ಹಳೆಯ ಗುಂಪುಗಳನ್ನು ಬಹುಪಾಲು ವಿಶ್ವವಿದ್ಯಾಲಯಗಳು ಮತ್ತು ಸ್ವಯಂಸೇವಕರು ನಡೆಸುತ್ತಿದ್ದರು. ಜಾಲತಾಣಗಳ ಮುಖ್ಯ ಆದಾಯ ಬಳಕೆದಾರನ ಅಭಿರುಚಿಗೆ ಹೊಂದಿಸಿದ ಜಾಹೀರಾತು.

ಅಭಿರುಚಿಯ ಅಂದಾಜು

ಬಳಕೆದಾರನು ಹೇಳದೆ ಬಿಟ್ಟದ್ದನ್ನೂ ಅವನ ನಡವಳಿಕೆಯಿಂದ ಊಹಿಸಬಹುದು. ೨೦೧೩ರಲ್ಲಿ ಕೊಸಿನ್ಸ್ಕಿ, ಸ್ಟಿಲ್‌ವೆಲ್ ಮತ್ತು ಗ್ರೇಪೆಲ್ ಪ್ರಕಟಿಸಿದ ಅಧ್ಯಯನವು ೫೮,೦೦೦ಕ್ಕೂ ಹೆಚ್ಚು ಸ್ವಯಂಸೇವಕರ ಫೇಸ್‌ಬುಕ್ ಮೆಚ್ಚುಗೆಗಳನ್ನು ಪರಿಶೀಲಿಸಿ, ಅವುಗಳಿಂದಲೇ ರಾಜಕೀಯ ಒಲವು, ಧರ್ಮ ಮುಂತಾದ ಸೂಕ್ಷ್ಮ ಸಂಗತಿಗಳನ್ನು ಗಣನೀಯ ನಿಖರತೆಯಿಂದ ಅಂದಾಜಿಸಬಹುದೆಂದು ತೋರಿಸಿತು.

ಒಬ್ಬರ ಆಯ್ಕೆ ಇನ್ನೊಬ್ಬರ ಖಾಸಗಿತನವನ್ನು ಕಳೆಯಬಲ್ಲದು ಎಂಬುದಕ್ಕೆ ೨೦೧೮ರಲ್ಲಿ ಬಯಲಾದ ಕೇಂಬ್ರಿಜ್ ಅನಲಿಟಿಕಾ ಪ್ರಕರಣ ಉದಾಹರಣೆ. ವ್ಯಕ್ತಿತ್ವ ಪರೀಕ್ಷೆಯ ಆ್ಯಪ್ ಒಂದರ ಮೂಲಕ ಅದನ್ನು ಬಳಸಿದವರಷ್ಟೇ ಅಲ್ಲದೆ ಅವರ ಗೆಳೆಯರ ಮಾಹಿತಿಯೂ ಸಂಗ್ರಹವಾಗಿತ್ತು. ಫೇಸ್‌ಬುಕ್ ನೀಡಿದ ವಿವರಣೆಯ ಪ್ರಕಾರ ಭಾರತದಲ್ಲಿ ಆ ಆ್ಯಪ್ ಹಾಕಿಕೊಂಡವರು ೩೩೫ ಮಂದಿ. ಬಾಧಿತರಾಗಿರಬಹುದಾದವರು ಸುಮಾರು ೫.೬೨ ಲಕ್ಷ.

ಗ್ರಾಮೀಣ ಕರ್ನಾಟಕದಲ್ಲಿ

೨೦೧೬ರ ಸೆಪ್ಟೆಂಬರ್‌ನಲ್ಲಿ ಜಿಯೊ ಸೇವೆ ಆರಂಭಗೊಂಡ ನಂತರ ಮೊಬೈಲ್ ಡೇಟಾ ಅಗ್ಗವಾಯಿತು. ಕುಂದಗೋಳ, ನವಲಗುಂದ, ಕಲಘಟಗಿ, ಅಣ್ಣಿಗೇರಿಯಂತಹ ತಾಲ್ಲೂಕುಗಳ ಹಳ್ಳಿಗಳಲ್ಲಿ ಬಹಳಷ್ಟು ಜನ ಇ-ಮೇಲ್ ಮತ್ತು ಚರ್ಚಾಗುಂಪುಗಳ ಹಂತವನ್ನು ಕಾಣದೆ ನೇರವಾಗಿ ವಾಟ್ಸ್ಯಾಪ್‌ಗೆ ಬಂದರು. ಆದ್ದರಿಂದ ಅಡ್ಡಹೆಸರಿನ ಹಿಂದೆ ನಿಂತು ಮಾತನಾಡುವ ಅನುಭವ ಅವರಿಗಿಲ್ಲ. ಅವರ ಮೊಬೈಲ್ ಸಂಖ್ಯೆಯೇ ಅವರ ಗುರುತು. ಪಾಲಕರ ಗುಂಪು, ಸ್ವಸಹಾಯ ಸಂಘದ ಗುಂಪು, ಪೇಟೆ ಧಾರಣೆಯ ಗುಂಪು ಹೀಗೆ ಒಂದೊಂದಕ್ಕೆ ಸೇರಿದಾಗಲೂ ಆ ಸಂಖ್ಯೆ ಅಲ್ಲಿನ ಎಲ್ಲ ಸದಸ್ಯರಿಗೆ ಕಾಣುತ್ತದೆ. ಮಹಿಳೆಯರಿಗೆ ಇದರಿಂದ ಅಪರಿಚಿತರ ಕರೆಗಳ ಕಿರುಕುಳ ಉಂಟಾಗುವ ಸಾಧ್ಯತೆಯಿದೆ. ಒಂದೇ ಫೋನನ್ನು ಮನೆಮಂದಿಯೆಲ್ಲ ಬಳಸುವಲ್ಲಿ, ಒಬ್ಬ ವ್ಯಕ್ತಿಗೆ ಒಂದು ಫೋನ್ ಎಂದು ಭಾವಿಸಿ ರೂಪಿಸಿದ ಆಯ್ಕೆಗಳು ಮನೆಯೊಳಗಿನ ಖಾಸಗಿತನವನ್ನು ಕಾಪಾಡಲಾರವು.

ಗುಂಪಿನಲ್ಲಿ ಹರಡುವ ಮಾಹಿತಿ ಅಲ್ಲಿ ಇಲ್ಲದವರ ಪ್ರಾಣಕ್ಕೂ ಎರವಾಗಬಹುದು. ೨೦೧೮ರ ಜುಲೈ ೧೩ರಂದು ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದ ಬಳಿ, ಹೈದರಾಬಾದಿನಿಂದ ಬಂದಿದ್ದ ಗೆಳೆಯರನ್ನು ಮಕ್ಕಳ ಕಳ್ಳರೆಂದು ಶಂಕಿಸಿದ ಜನರು ನಡೆಸಿದ ಹಲ್ಲೆಯಲ್ಲಿ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಮೃತಪಟ್ಟರು. ಅವರ ಬಗೆಗಿನ ವದಂತಿ ವಾಟ್ಸ್ಯಾಪ್ ಗುಂಪುಗಳ ಮೂಲಕ ಅವರಿಗಿಂತ ಮುಂಚೆಯೇ ಊರು ತಲುಪಿತ್ತು. ದೇಶದ ಹಲವೆಡೆ ಇಂತಹ ಘಟನೆಗಳು ನಡೆದ ಹಿನ್ನೆಲೆಯಲ್ಲಿ ಅದೇ ತಿಂಗಳು ವಾಟ್ಸ್ಯಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ರವಾನಿಸದಂತೆ ಮಿತಿ ಹೇರಿತು.

ನ್ಯಾಯಾಲಯ ಮತ್ತು ಕಾನೂನು

ಖಾಸಗಿತನವು ಮೂಲಭೂತ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ೨೦೧೭ರ ಆಗಸ್ಟ್ ೨೪ರಂದು ಒಮ್ಮತದಿಂದ ತೀರ್ಪು ನೀಡಿತು. ಸಂವಿಧಾನದ ೨೧ನೆಯ ವಿಧಿಯ ಜೀವಿಸುವ ಹಕ್ಕಿನಲ್ಲಿ ಅದು ಅಡಕವಾಗಿದೆ ಎಂಬುದು ಈ ತೀರ್ಪಿನ ತಿರುಳು. ಆಧಾರ್ ಯೋಜನೆಯನ್ನು ಪ್ರಶ್ನಿಸಿ ೨೦೧೨ರಲ್ಲಿ ಅರ್ಜಿ ಸಲ್ಲಿಸಿದ್ದ ಕೆ. ಎಸ್. ಪುಟ್ಟಸ್ವಾಮಿ ಅವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದರು. ೨೦೧೭ರ ಜನವರಿ ೨೩ರಂದು ಕರ್ನಾಟಕ ಹೈಕೋರ್ಟ್, ತನ್ನ ಆದೇಶವೊಂದರ ಶೀರ್ಷಿಕೆಯಲ್ಲಿದ್ದ ಮಹಿಳೆಯೊಬ್ಬರ ಹೆಸರು ಅಂತರಜಾಲದ ಹುಡುಕಾಟದಲ್ಲಿ ಕಾಣದಂತೆ ನೋಡಿಕೊಳ್ಳಲು ತನ್ನ ರಿಜಿಸ್ಟ್ರಿಗೆ ಸೂಚಿಸಿತ್ತು. ಭಾರತದಲ್ಲಿ ‘ಮರೆಯಲ್ಪಡುವ ಹಕ್ಕಿನ’ ಚರ್ಚೆಯಲ್ಲಿ ಈ ಆದೇಶ ಪದೇಪದೇ ಉಲ್ಲೇಖಗೊಳ್ಳುತ್ತದೆ.

ವಾಟ್ಸ್ಯಾಪ್ ೨೦೨೧ರಲ್ಲಿ ಜಾರಿಗೆ ತಂದ ನೀತಿಯು ಮಾಹಿತಿ ಹಂಚಿಕೆಗೆ ಒಪ್ಪದಿರುವ ಅವಕಾಶ ನೀಡಲಿಲ್ಲವೆಂದು ಭಾರತೀಯ ಸ್ಪರ್ಧಾ ಆಯೋಗವು ೨೦೨೪ರ ನವೆಂಬರ್ ೧೮ರಂದು ಮೆಟಾ ಸಂಸ್ಥೆಗೆ ೨೧೩.೧೪ ಕೋಟಿ ರೂಪಾಯಿ ದಂಡ ವಿಧಿಸಿತು. ಕಂಪನಿಯು ಇದರ ವಿರುದ್ಧ ಮೇಲ್ಮನವಿ ಸಲ್ಲಿಸಿತು.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ ೨೦೨೩ರ ಆಗಸ್ಟ್ ೧೧ರಂದು ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಅದರ ನಿಯಮಗಳು ೨೦೨೫ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು ಹಂತಹಂತವಾಗಿ ಜಾರಿಗೊಳ್ಳುವಂತಿವೆ. ಸಮ್ಮತಿ, ತಿದ್ದುಪಡಿ, ಅಳಿಸುವಿಕೆ ಇವು ಕಾಯ್ದೆಯು ಗುರುತಿಸಿದ ಮುಖ್ಯ ಅಂಶಗಳು. ೧೮ ವರ್ಷಕ್ಕಿಂತ ಕಿರಿಯರ ಮಾಹಿತಿಯನ್ನು ಬಳಸಲು ಪಾಲಕರ ಸಮ್ಮತಿ ಬೇಕು. ಗರಿಷ್ಠ ದಂಡ ೨೫೦ ಕೋಟಿ ರೂಪಾಯಿ. ಆದರೆ ವ್ಯಕ್ತಿಯು ತಾನಾಗಿಯೇ ಬಹಿರಂಗಪಡಿಸಿದ ಮಾಹಿತಿಗೂ, ಮನೆಮಟ್ಟಿನ ಸ್ವಂತ ಉದ್ದೇಶದ ಬಳಕೆಗೂ ಈ ಕಾಯ್ದೆ ಅನ್ವಯಿಸುವುದಿಲ್ಲ. ‘ಎಲ್ಲರಿಗೂ’ ಎಂಬ ಆಯ್ಕೆಯಡಿ ಪ್ರಕಟಿಸಿದ್ದಕ್ಕೆ ಈ ಕಾಯ್ದೆಯ ರಕ್ಷಣೆ ಸಿಗದು.

ಬಳಕೆದಾರನ ಕೈಯಲ್ಲಿರುವ ಆಯ್ಕೆಗಳು

* ವಾಟ್ಸ್ಯಾಪ್‌ನಲ್ಲಿ ತನ್ನನ್ನು ಗುಂಪಿಗೆ ಯಾರು ಸೇರಿಸಬಹುದೆಂಬ ಆಯ್ಕೆಯನ್ನು ೨೦೧೯ರಲ್ಲಿ ಒದಗಿಸಲಾಯಿತು. ಅದನ್ನು ‘ಎಲ್ಲರೂ’ ಎಂಬುದರಿಂದ ‘ನನ್ನ ಸಂಪರ್ಕಗಳು’ ಎಂಬುದಕ್ಕೆ ಬದಲಿಸಬಹುದು.
* ಭಾವಚಿತ್ರ, ಕೊನೆಯ ಬಾರಿ ಕಾಣಿಸಿಕೊಂಡ ಸಮಯ ಮತ್ತು ಸ್ಟೇಟಸ್ ಯಾರಿಗೆ ಕಾಣಬೇಕೆಂಬುದನ್ನು ಬೇರೆಬೇರೆಯಾಗಿ ನಿಗದಿಪಡಿಸಬಹುದು.
* ಫೇಸ್‌ಬುಕ್‌ನಲ್ಲಿ ಪ್ರತಿ ಬರಹಕ್ಕೂ ಓದುಗವಲಯವನ್ನು ಆರಿಸಬಹುದು. ಹಿಂದೆ ಎಲ್ಲರಿಗೂ ತೆರೆದಿಟ್ಟ ಬರಹಗಳನ್ನು ಒಮ್ಮೆಗೇ ಗೆಳೆಯರಿಗೆ ಸೀಮಿತಗೊಳಿಸಬಹುದು.
* ಎರಡು ಹಂತದ ಪರಿಶೀಲನೆಯನ್ನು ಚಾಲೂ ಮಾಡಿದರೆ ಖಾತೆಯ ಕಳವು ಕಷ್ಟವಾಗುತ್ತದೆ.

ಈ ಆಯ್ಕೆಗಳಿಗೆ ಮಿತಿಯೂ ಉಂಟು. ವಾಟ್ಸ್ಯಾಪ್ ೨೦೧೬ರ ಏಪ್ರಿಲ್‌ನಲ್ಲಿ ಪೂರ್ಣಗೊಳಿಸಿದ ಗೂಢಲಿಪೀಕರಣದಿಂದಾಗಿ ಸಂದೇಶದ ಒಳಗಿನ ಮಾತು ಸಾಗುವ ದಾರಿಯಲ್ಲಿ ಕಂಪನಿಗೂ ಕಾಣುವುದಿಲ್ಲ. ಆದರೆ ಯಾವ ಸಂಖ್ಯೆ, ಯಾವ ಗುಂಪು ಎಂಬಂತಹ ಹೊರವಿವರಗಳಿಗೆ ಆ ಮರೆ ಇಲ್ಲ. ಸಂದೇಶವನ್ನು ಪಡೆದ ಸದಸ್ಯನು ಅದರ ಪರದೆಚಿತ್ರ ತೆಗೆದು ಬೇರೆ ಗುಂಪಿಗೆ ಕಳಿಸುವುದನ್ನು ಗೂಢಲಿಪಿ ತಡೆಯುವುದಿಲ್ಲ. ಆ ಹಂತದಲ್ಲಿ ಖಾಸಗಿತನವು ತಂತ್ರಾಂಶಕ್ಕಿಂತ ಹೆಚ್ಚಾಗಿ ಗುಂಪಿನ ಸದಸ್ಯರ ನಡುವಿನ ನಂಬಿಕೆಯನ್ನು ಅವಲಂಬಿಸಿರುತ್ತದೆ. ಈ ಒಂದು ವಿಷಯದಲ್ಲಿ ಹಳೆಯ ಚರ್ಚಾಗುಂಪುಗಳಿಗೂ ಇಂದಿನ ಜಾಲತಾಣಗಳಿಗೂ ವ್ಯತ್ಯಾಸವಿಲ್ಲ.