ಲೋಕಲ್ ವೇರಿಯಬಲ್ ಇನ್‌ಲೈನಿಂಗ್

ಲೋಕಲ್ ವೇರಿಯಬಲ್ ಇನ್‌ಲೈನಿಂಗ್: ಫಂಕ್ಷನ್ನಿನೊಳಗೆ ಮಾತ್ರ ಬಳಕೆಯಾಗುವ ವೇರಿಯಬಲ್ ಒಂದನ್ನು ತೆಗೆದುಹಾಕಿ, ಅದರ ಹೆಸರು ಬಂದಲ್ಲೆಲ್ಲ ಅದಕ್ಕೆ ಕೊಟ್ಟಿದ್ದ ಎಕ್ಸ್‌ಪ್ರೆಷನ್ನನ್ನೇ ಇಡುವ ರಿಫ್ಯಾಕ್ಟರಿಂಗ್. ಪ್ರೋಗ್ರಾಮಿನ ನಡವಳಿಕೆ ಮೊದಲಿನಂತೆಯೇ ಇರಬೇಕೆಂಬುದು ಇದರ ಷರತ್ತು. ಇಂಟೆಲಿಜೆ ಐಡಿಯಾ, ಎಕ್ಲಿಪ್ಸ್, ವಿಷುವಲ್ ಸ್ಟುಡಿಯೊದಂಥ ಉಪಕರಣಗಳಲ್ಲಿ ಕೀಲಿಮಣೆಯ ಶಾರ್ಟ್‌ಕಟ್ಟಿನಿಂದ ಅಥವಾ ಮೆನುವಿನಿಂದ ಇದನ್ನು ಮಾಡಬಹುದು. ರಿಫ್ಯಾಕ್ಟರಿಂಗ್‌ಗಳಲ್ಲೆಲ್ಲ ಇದು ತೀರ ಚಿಕ್ಕದು. ಆದರೆ ಉಪಕರಣಕ್ಕೆ ಭಾಷೆ ನಿಜಕ್ಕೂ ಅರ್ಥವಾಗುತ್ತದೆಯೇ ಎಂಬುದು ಬಯಲಾಗುವುದೂ ಇಲ್ಲಿಯೇ.

ಮಾರ್ಟಿನ್ ಫೌಲರ್ 1999ರ ತಮ್ಮ ‘ರಿಫ್ಯಾಕ್ಟರಿಂಗ್’ ಪುಸ್ತಕದಲ್ಲಿ ಇದನ್ನು ‘ಇನ್‌ಲೈನ್ ಟೆಂಪ್’ ಎಂದು ಪಟ್ಟಿ ಮಾಡಿದರು. 2018ರ ಎರಡನೆಯ ಆವೃತ್ತಿಯಲ್ಲಿ ಅದು ‘ಇನ್‌ಲೈನ್ ವೇರಿಯಬಲ್’ ಆಯಿತು. ಎಕ್ಸ್‌ಪ್ರೆಷನ್ ಹೇಳುವುದಕ್ಕಿಂತ ಹೆಚ್ಚೇನನ್ನೂ ಹೆಸರು ಹೇಳದಿದ್ದಾಗ ಇದು ಉಪಯುಕ್ತ. ಇನ್ನೂ ಮುಖ್ಯವಾದ ಬಳಕೆ ಬೇರೆ ಇದೆ. ಉದ್ದನೆಯ ಫಂಕ್ಷನ್ನನ್ನು ಒಡೆದು ಹೊಸ ಫಂಕ್ಷನ್ ಮಾಡಹೊರಟಾಗ ತಾತ್ಕಾಲಿಕ ವೇರಿಯಬಲ್‌ಗಳು ಕಾಲಿಗೆ ತೊಡರುತ್ತವೆ. ಮೊದಲು ಅವನ್ನು ಇನ್‌ಲೈನ್ ಮಾಡಿದರೆ ಒಡೆಯುವ ಕೆಲಸ ಸಲೀಸು.

ಹಿನ್ನೆಲೆ ಇಷ್ಟು: ವಿಲಿಯಂ ಆಪ್‌ಡೈಕ್ 1992ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪಿಎಚ್.ಡಿ. ಪ್ರಬಂಧ ರಿಫ್ಯಾಕ್ಟರಿಂಗ್‌ಗೆ ಪೂರ್ವಷರತ್ತುಗಳ ಚೌಕಟ್ಟನ್ನು ಒದಗಿಸಿತು. ಅದೇ ವಿಶ್ವವಿದ್ಯಾಲಯದಲ್ಲಿ ಜಾನ್ ಬ್ರಾಂಟ್ ಮತ್ತು ಡಾನ್ ರಾಬರ್ಟ್ಸ್ ಸ್ಮಾಲ್‌ಟಾಕ್ ಭಾಷೆಗಾಗಿ ‘ರಿಫ್ಯಾಕ್ಟರಿಂಗ್ ಬ್ರೌಸರ್’ ಕಟ್ಟಿದರು. 2001ರಲ್ಲಿ ಇಂಟೆಲಿಜೆ ಐಡಿಯಾ ಮತ್ತು ಎಕ್ಲಿಪ್ಸ್ ಬಂದ ಮೇಲೆ ಈ ಅನುಕೂಲ ಜಾವಾ ಬರೆಯುವವರ ಕೈಗೂ ಸಿಕ್ಕಿತು.

ಉಪಕರಣ ಅಕ್ಷರಗಳನ್ನು ಹುಡುಕುವುದಿಲ್ಲ. ಕೋಡನ್ನು ಮೊದಲು ವಾಕ್ಯರಚನಾ ವೃಕ್ಷವಾಗಿ ಬಿಡಿಸಿಕೊಂಡು, ಯಾವ ಹೆಸರು ಯಾವ ಘೋಷಣೆಗೆ ಸೇರಿದ್ದು ಎಂದು ಗೊತ್ತುಮಾಡಿಕೊಳ್ಳುತ್ತದೆ. ಅದೇ ಹೆಸರು ಒಳಗಿನ ಬ್ಲಾಕಿನಲ್ಲಿ ಬೇರೆ ವೇರಿಯಬಲ್ ಆಗಿದ್ದರೆ ಅದನ್ನು ಮುಟ್ಟುವುದಿಲ್ಲ. ವೇರಿಯಬಲ್ಲಿಗೆ ಎರಡನೆಯ ಬಾರಿ ಬೆಲೆ ಕೊಟ್ಟಿದ್ದರೆ ಸಾಮಾನ್ಯವಾಗಿ ಕೆಲಸ ಮಾಡಲು ಒಪ್ಪುವುದೂ ಇಲ್ಲ. ಆವರಣ ಚಿಹ್ನೆಗಳ ಹೊಣೆಯೂ ಅದರದ್ದೇ. ಒಟ್ಟು = ಬೆಲೆ + ತೆರಿಗೆ ಎಂದಿದ್ದು, ಮುಂದೆ ಒಟ್ಟು * ಸಂಖ್ಯೆ ಎಂದು ಬಂದಿದೆ ಎನ್ನಿ. ಬೆಲೆ 100, ತೆರಿಗೆ 18, ಸಂಖ್ಯೆ 2 ಆದಾಗ ಉತ್ತರ 236. ಆವರಣವಿಲ್ಲದೆ ಬದಲಿಸಿದರೆ ಗುಣಾಕಾರ ಮೊದಲು ನಡೆದು 136 ಬರುತ್ತದೆ.

ಇದು ಸುಲಭದ ಭಾಗ. ಲೆಕ್ಕ ಯಾವಾಗ ನಡೆಯುತ್ತದೆ, ಎಷ್ಟು ಬಾರಿ ನಡೆಯುತ್ತದೆ ಎಂಬಲ್ಲಿ ನಿಜವಾದ ತೊಡಕು. ಫೈಲಿನಿಂದ ಮುಂದಿನ ಸಾಲನ್ನು ಓದಿ ‘ಸಾಲು’ ಎಂಬ ವೇರಿಯಬಲ್ಲಿನಲ್ಲಿ ಇಟ್ಟು, ಅದನ್ನು ಎರಡು ಕಡೆ ಬಳಸಿದ್ದರೆ, ಇನ್‌ಲೈನ್ ಆದ ಮೇಲೆ ಫೈಲನ್ನು ಎರಡು ಸಲ ಓದಿದಂತಾಗುತ್ತದೆ; ಒಂದು ಸಾಲು ಸದ್ದಿಲ್ಲದೆ ಕೈಬಿಟ್ಟುಹೋಗುತ್ತದೆ. ಎರಡು ಬೆಲೆಗಳನ್ನು ಅದಲುಬದಲು ಮಾಡುವ ಕೋಡಿನದೂ ಇದೇ ಪಾಡು: ತಾತ್ಕಾಲಿಕ = ಅ; ಅ = ಬ; ಬ = ತಾತ್ಕಾಲಿಕ. ಇಲ್ಲಿ ‘ತಾತ್ಕಾಲಿಕ’ವನ್ನು ತೆಗೆದರೆ ಉಳಿಯುವುದು ಅ = ಬ; ಬ = ಅ. ಎರಡಕ್ಕೂ ಒಂದೇ ಬೆಲೆ ಸಿಕ್ಕಿತು. ವೇರಿಯಬಲ್ಲಿಗೆ ಒಮ್ಮೆ ಮಾತ್ರ ಬೆಲೆ ಕೊಡಲಾಗಿದೆ ಎಂಬುದನ್ನಷ್ಟೇ ನೋಡುವ ಉಪಕರಣಕ್ಕೆ ಈ ಕೆಡುಕು ಕಾಣಿಸದು.

ಟೈಪಿನ ಬಲೆ ಇನ್ನೂ ಸೂಕ್ಷ್ಮ. ಜಾವಾದಲ್ಲಿ ‘ದಿನ’ ಎಂಬ ಲಾಂಗ್ ವೇರಿಯಬಲ್ಲಿಗೆ 30 ಕೊಟ್ಟು, ಮಿಲಿಸೆಕೆಂಡಿಗಾಗಿ 86400000ರಿಂದ ಗುಣಿಸಿದರೆ 259,20,00,000 ಸಿಗುತ್ತದೆ. ‘ದಿನ’ದ ಜಾಗಕ್ಕೆ ಬರಿಯ 30 ಬಂದರೆ ಎರಡೂ ಕಡೆ ಇಂಟ್ ಆಗಿ, ಗುಣಲಬ್ಧ ಇಂಟ್‌ನ ಮಿತಿಯಾದ 214,74,83,647ನ್ನು ಮೀರಿ −170,29,67,296 ಆಗುತ್ತದೆ. ಕಂಪೈಲರ್ ಚಕಾರವೆತ್ತುವುದಿಲ್ಲ. ಒಳ್ಳೆಯ ಉಪಕರಣ ಇಂಥಲ್ಲಿ ಟೈಪ್ ಕಾಸ್ಟ್ ಸೇರಿಸಬೇಕು.

ಎರಡು ಪ್ರೋಗ್ರಾಮುಗಳ ನಡವಳಿಕೆ ಒಂದೇ ಎಂದು ಎಲ್ಲ ಸಂದರ್ಭದಲ್ಲೂ ನಿರ್ಧರಿಸಿ ಹೇಳುವ ಅಲ್ಗಾರಿದಮ್ ಇರಲಾರದು. ಆದ್ದರಿಂದ ಪ್ರತಿ ಉಪಕರಣವೂ ಒಂದಷ್ಟು ಅನುಮಾನ, ಒಂದಷ್ಟು ಧೈರ್ಯ ಇಟ್ಟುಕೊಂಡೇ ನಡೆಯುತ್ತದೆ. ಆಗಸ್ಟ್ 2023ರ ಟೈಪ್‌ಸ್ಕ್ರಿಪ್ಟ್ 5.2ರಲ್ಲಿ ಈ ಸೌಲಭ್ಯ ಬಂದಾಗ, ಎಕ್ಸ್‌ಪ್ರೆಷನ್ನಿನ ಪಾರ್ಶ್ವ ಪರಿಣಾಮಗಳು ಬೇರೆ ವೇಳೆಯಲ್ಲಿ, ಬಳಕೆಯಾದಷ್ಟು ಬಾರಿ ನಡೆಯಬಹುದೆಂದು ಅದರ ಬಿಡುಗಡೆ ಟಿಪ್ಪಣಿಯೇ ಎಚ್ಚರಿಸಿತ್ತು. ಮುಚ್ಚಿಡುವುದಕ್ಕಿಂತ ಇದು ಮೇಲು. ಪೈಥಾನ್‌ಗೆ ರೋಪ್, ರಸ್ಟ್‌ಗೆ ರಸ್ಟ್-ಅನಲೈಸರ್ ಇದೇ ಇನ್‌ಲೈನಿಂಗ್ ಕೆಲಸ ಮಾಡುತ್ತವೆ. ಇಂಟೆಲಿಜೆಯಲ್ಲಿ ಒಂದು ಬಳಕೆಯನ್ನಷ್ಟೇ ಬದಲಿಸಿ ವೇರಿಯಬಲ್ಲನ್ನು ಉಳಿಸಿಕೊಳ್ಳಲೂ ಬಹುದು.

ಕಂಪೈಲರ್ ಮಾಡುವ ಇಂಥದೇ ಬದಲಾವಣೆಯನ್ನು ಇದರೊಂದಿಗೆ ಬೆರೆಸಬಾರದು. ಅದು ವೇಗಕ್ಕಾಗಿ ಒಳಗಿನ ರೂಪದ ಮೇಲೆ ನಡೆಯುವಂಥದ್ದು. ಮೂಲ ಕೋಡು ಹಾಗೇ ಇರುತ್ತದೆ. ಇನ್‌ಲೈನ್ ರಿಫ್ಯಾಕ್ಟರಿಂಗ್ ಓದುಗರಿಗಾಗಿ. ಓದು ಕಷ್ಟವಾಯಿತು ಅನ್ನಿಸಿದರೆ, ಅಥವಾ ಡಿಬಗ್ಗರಿನಲ್ಲಿ ನಡುವಿನ ಬೆಲೆಯನ್ನು ನೋಡಬೇಕಾದರೆ, ಇದರ ವಿಲೋಮವಾದ ‘ಎಕ್ಸ್‌ಟ್ರಾಕ್ಟ್ ವೇರಿಯಬಲ್’ ಅದೇ ಮೆನುವಿನಲ್ಲಿ ಸಿಗುತ್ತದೆ.