ಹಾಡಿನೊಡನೆ ಬರುವ ಪರಭಾಷೆ

ಕಳೆದ ಮಳೆಗಾಲದಲ್ಲಿ ನಮ್ಮ ನಾಲ್ಕು ವರ್ಷದ ಮಗಳು ಮೆಟ್ಟಿಲ ಮೇಲೆ ಜಾರಿ ಬಿದ್ದಳು. ಆ ಸಂಜೆ ಗದಗಿನಿಂದ ನಮ್ಮ ತಾಯಿಯವರು ಫೋನಿನಲ್ಲಿ, "ಎಲ್ಲಿ ಪೆಟ್ಟು ಬಿತ್ತವ್ವಾ?" ಎಂದು ಕೇಳಿದರು. ಮಗು "ನೀ" ಎಂದಿತು. "ನಾ ಎಲ್ಲಿ ಬಿದ್ದೀನಿ? ಬಿದ್ದಾಕಿ ನೀನ ಅಲ್ಲಾ!" ಎಂದು ಅಜ್ಜಿ ನಕ್ಕರು. ಮಗು ಅಳತೊಡಗಿತು. ಮೊಣಕಾಲಿನ ಇಂಗ್ಲಿಷ್ ಹೆಸರು ಅಜ್ಜಿಯ ಕಿವಿಗೆ ಕನ್ನಡದ 'ನೀ' ಆಗಿ ಬಿದ್ದಿತ್ತು.

ಆ ಮಾತನ್ನು ಮಗುವಿಗೆ ಕಲಿಸಿದ್ದು ಶಿಶುವಿಹಾರದ ಒಂದು ಹಾಡು. ತಲೆ, ಹೆಗಲು, ಮೊಣಕಾಲು, ಕಾಲ್ಬೆರಳುಗಳನ್ನು ಮುಟ್ಟುತ್ತ ಮಕ್ಕಳು ಅದನ್ನು ಹಾಡುತ್ತಾರೆ. ನಾನಾದರೋ ಐದನೆಯ ಇಯತ್ತೆಯಲ್ಲಿ ಇಂಗ್ಲಿಷ್ ಆರಂಭಿಸಿ, ಒಂದೊಂದು ಶಬ್ದದ ಅಕ್ಷರಗಳನ್ನೂ ಬಾಯಿಪಾಠ ಮಾಡಿ ಕಲಿತವನು. ನಾನು ಬೆವರು ಸುರಿಸಿ ಗಳಿಸಿದ್ದು ನನ್ನ ಮಗಳಿಗೆ ಆಟದಲ್ಲೇ ಒಲಿದಿದೆ. ಕೈ ಮುಟ್ಟುತ್ತದೆ, ಬಾಯಿ ಹೆಸರಿಸುತ್ತದೆ, ತಾಳ ನೆನಪಿಸುತ್ತದೆ. ಅರ್ಥ ಹೇಳುವವರೇ ಬೇಕಾಗುವುದಿಲ್ಲ.

ಈ ಉಪಾಯ ಇಂಗ್ಲಿಷರದೇ ಎಂದು ತಿಳಿಯಬೇಕಾಗಿಲ್ಲ. ನಮ್ಮ ಪಾಠಶಾಲೆಗಳಲ್ಲಿ ಬಾಲಕರು ಸಂಸ್ಕೃತ ಶಬ್ದಗಳನ್ನು ಕಲಿಯುತ್ತಿದ್ದುದು ಅಮರಸಿಂಹನ ಕೋಶವನ್ನು ರಾಗವಾಗಿ ಹೇಳಿ. ಅಮರಕೋಶವೆಲ್ಲ ಶ್ಲೋಕಮಯ, ಅದರಲ್ಲಿ ದೇವತೆಗಳಂತೆ ಅಂಗಾಂಗ, ಗಿಡಮರ, ಧಾನ್ಯಗಳೂ ಉಂಟು. ಕನ್ನಡದಲ್ಲಿ ಎರಡನೆಯ ನಾಗವರ್ಮನು 'ಅಭಿಧಾನ ವಸ್ತುಕೋಶ'ದಲ್ಲಿ ಸಂಸ್ಕೃತ ಶಬ್ದಗಳಿಗೆ ಪದ್ಯದಲ್ಲಿಯೇ ಕನ್ನಡ ಅರ್ಥ ಕೊಟ್ಟನು. ಮುಂದೆ ಉತ್ತರದಲ್ಲಿ ಪಾರಸಿ ಕಲಿಯುವ ಮಕ್ಕಳು 'ಖಾಲಿಕ್ ಬಾರಿ' ಎಂಬ ಪದ್ಯಕೋಶವನ್ನು ಬಾಯಿಪಾಠ ಮಾಡುತ್ತಿದ್ದರು. ಪರಭಾಷೆ ಬಂದಾಗಲೆಲ್ಲ ನಮ್ಮವರು ಅದನ್ನು ಪದ್ಯದಲ್ಲಿ ಕಟ್ಟಿ ಮನೆಗೆ ತಂದುಕೊಂಡರು.

ನಾವಿಂದು ಅನ್ನ ತಿನ್ನುತ್ತಿರುವ ಈ ಮಹಾರಾಷ್ಟ್ರದಲ್ಲಿ ಇನ್ನೊಂದು ಬಗೆಯ ಪ್ರಯತ್ನ ನಡೆಯಿತು. 1674ರಲ್ಲಿ ಪಟ್ಟಾಭಿಷಿಕ್ತನಾದ ಶಿವಾಜಿ ಮಹಾರಾಜನು ರಾಜ್ಯಕಾರಭಾರದ ಪಾರಸಿ ಶಬ್ದಗಳಿಗೆ ಸಂಸ್ಕೃತ ಶಬ್ದಗಳನ್ನು ಸೂಚಿಸುವ 'ರಾಜವ್ಯವಹಾರಕೋಶ'ವನ್ನು ರಘುನಾಥ ಪಂಡಿತನಿಂದ ಬರೆಯಿಸಿದನು. ಅದೂ ಶ್ಲೋಕರೂಪದ್ದೇ. ಆದರೂ ಬ್ಯಾಂಕಿನಲ್ಲಿ ನಿತ್ಯ ನಮ್ಮ ಬಾಯಲ್ಲಿ ಬರುವ ಮಾತುಗಳನ್ನು ನೋಡಿರಿ: ಜಮಾ, ಖರ್ಚು, ಬಾಕಿ, ವಸೂಲಿ! ಎಲ್ಲವೂ ಪಾರಸಿಯ ದಾರಿಯಲ್ಲಿ ಬಂದವೇ. ಅರಸನ ಆಜ್ಞೆಗಿಂತ ಸಂತೆಯ ರೂಢಿ ದೊಡ್ಡದು. ಪದ್ಯವು ಶಬ್ದವನ್ನು ನೆನಪಿನಲ್ಲಿ ನಿಲ್ಲಿಸೀತು. ಉಳಿಸುವುದು ಮಾತ್ರ ದಿನದ ಬಳಕೆ.

ಇಂಗ್ಲಿಷ್ ಶಿಶುಗೀತೆಗಳಿಗೂ ಚರಿತ್ರೆಯುಂಟು. ನಮ್ಮ ಮಕ್ಕಳು ಮಿನುಗುವ ನಕ್ಷತ್ರದ ಮೇಲೆ ಹಾಡುವ ಹಾಡು 1806ರಲ್ಲಿ ಜೇನ್ ಟೇಲರ್ ಎಂಬ ಆಂಗ್ಲ ಮಹಿಳೆ ಪ್ರಕಟಿಸಿದ ಕವಿತೆ. ಮೇರಿಯ ಕುರಿಮರಿಯ ಹಾಡು 1830ರಲ್ಲಿ ಅಮೆರಿಕದ ಸಾರಾ ಹೇಲ್ ಪ್ರಕಟಿಸಿದ್ದು. ಅವರು ತಮ್ಮ ನಾಡಿನ ಮಕ್ಕಳಿಗೆ ತಮ್ಮ ಮನೆಮಾತಿನಲ್ಲಿ ಬರೆದರು. ಹಿಮ ಕಾಣದ ಪುಣೆಯ ಕೂಸಿಗೂ ಹಿಮದ ಹೆಸರು ಬರುವುದು ಇಂಥ ಹಾಡುಗಳಿಂದಲೇ.

ನಮ್ಮ ಕವಿಗಳು ಇದನ್ನು ಕಂಡು ಸುಮ್ಮನಿರಲಿಲ್ಲ. ಪಂಜೆ ಮಂಗೇಶರಾಯರು 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಸ್ಥಾಪಿಸಿದರು. ಹಾವು, ಗಾಳಿಗಳನ್ನು ಮಕ್ಕಳ ಹಾಡಿಗೆ ತಂದರು. ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಕವಿತೆಯನ್ನು ಕುವೆಂಪು ಅವರು ಬೊಮ್ಮನಹಳ್ಳಿಗೆ ಕರೆತಂದು ಕಿಂದರಿಜೋಗಿಯನ್ನಾಗಿಸಿದರು. ಜಿ. ಪಿ. ರಾಜರತ್ನಂ ತುತ್ತೂರಿಯನ್ನು ಹಾಡಿದರೆ, ದಿನಕರ ದೇಸಾಯರು ಗಡಿಯಾರವನ್ನು ಹಾಡಿದರು. ದೇಸಾಯರು ದುಡಿದ ಭಾರತ ಸೇವಕ ಸಮಾಜವನ್ನು ಗೋಖಲೆಯವರು 1905ರಲ್ಲಿ ಕಟ್ಟಿದ್ದು ನಮ್ಮ ಈ ಪುಣೆಯಲ್ಲಿಯೇ ಎಂಬುದನ್ನು ಇಲ್ಲಿಯ ಕನ್ನಡಿಗರು ಅಭಿಮಾನದಿಂದ ನೆನೆಯಬಹುದು.

ಇಂಗ್ಲಿಷ್ ಹಾಡನ್ನು ಮನೆಯಿಂದ ಹೊರಗೆ ಹಾಕಬೇಕೆಂದು ನನ್ನ ವಾದವಲ್ಲ. ಅದರಿಂದ ಮಗುವಿಗೆ ಲಾಭವೇ ಆಗಿದೆ. ಅನ್ನದ ಭಾಷೆಯನ್ನು ನಿರಾಕರಿಸುವ ಸ್ಥಿತಿವಂತರು ನಾವಲ್ಲ. ಮರಾಠಿಯನ್ನಂತೂ ಓಣಿಯ ಗೆಳತಿಯರು ಕಲಿಸುತ್ತಾರೆ. ಕನ್ನಡಕ್ಕೆ ಇಲ್ಲಿ ಶಾಲೆಯ ಬಲವಿಲ್ಲ, ಓಣಿಯ ಬಲವೂ ಇಲ್ಲ, ಇರುವುದು ಮನೆಯೊಂದೇ. ಆ ಮನೆಯಲ್ಲಿಯೂ ಹಾಡು ನಿಂತರೆ ಮಗುವಿಗೂ ಅಜ್ಜಿಗೂ ನಡುವೆ ನೋವು ಹೇಳುವಷ್ಟು ಮಾತೂ ಉಳಿಯಲಾರದು. ಇದು ಭಾಷಾಭಿಮಾನದ ದೊಡ್ಡ ಪ್ರಶ್ನೆಗಿಂತ ಮೊದಲು ಸಂಸಾರದ ಪ್ರಶ್ನೆ.

ಲೆಕ್ಕದವನಾದ ನನಗೆ ತೋಚಿದ್ದು ಸರಳ ಉಪಾಯ. ಮಗು ಇಂಗ್ಲಿಷಿನ ಒಂದು ಹಾಡು ತಂದ ದಿನ ಮನೆಯ ಖಾತೆಗೆ ಕನ್ನಡದ ಒಂದು ಹಾಡನ್ನು ಜಮಾ ಮಾಡುವುದು. ನಮ್ಮ ಮನೆಯಲ್ಲಿ ಈಗ ಪ್ರತಿ ಭಾನುವಾರ ಅಜ್ಜಿ ಫೋನಿನಲ್ಲಿ ಹಾಡಿಸುತ್ತಾರೆ. ಮಗು ಹಣೆ, ಕೆನ್ನೆ, ಗಲ್ಲ, ಮೊಣಕಾಲುಗಳನ್ನು ಮುಟ್ಟುತ್ತ ಹಾಡುತ್ತದೆ. ಮೊನ್ನೆ ಅಜ್ಜಿ ತಮ್ಮ ನೋವಿನ ಮಾತೆತ್ತಿದಾಗ, "ಅಜ್ಜಿ, ನಿಂದೂ ಮೊಣಕಾಲೇನು?" ಎಂದು ಮಗುವೇ ಕೇಳಿತು. ಗದಗಿನಲ್ಲಿ ಅಜ್ಜಿಗೆ ಆ ಮಾತಿಗೆ ಅರ್ಥ ಹೇಳುವವರು ಬೇಕಾಗಲಿಲ್ಲ.